ಹಣ ಕಟ್ಟಿದ್ದೇನೆ, ಬಾಕಿ ಯಾಕೆ ತೋರಿಸುತ್ತಿದೆ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾನೂನು ಕಾಲೇಜಿನ ಶುಲ್ಕ

ಮೂರು ವರ್ಷದ ಎಲ್‌ಎಲ್‌ಬಿಗೆ ಆರು ಸೆಮಿಸ್ಟರ್, ಐದು ವರ್ಷದ ಕೋರ್ಸಿಗೆ ಹತ್ತು. ಕಾಲೇಜಿನ ಫೀಸು ಒಂದು ಕಡೆ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷಾ ಶುಲ್ಕ ಇನ್ನೊಂದು ಕಡೆ, ಹಾಸ್ಟೆಲ್ಲಿನದು ಮತ್ತೊಂದು. ಹಣ ಹೊಂದಿಸುವುದೇ ಮನೆಯವರಿಗೆ ದೊಡ್ಡ ಪಾಡು. ಹೊಂದಿಸಿ ಕಟ್ಟಿದ ಹಣ ಸರಿಯಾದ ಹೆಸರಿಗೆ, ಸರಿಯಾದ ಬಾಬತ್ತಿಗೆ ಜಮೆಯಾಗದಿದ್ದರೆ ಆ ಪಾಡು ಇಮ್ಮಡಿಯಾಗುತ್ತದೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ.

ಎರಡನೇ ವರ್ಷದ ಫೀಸು 38,000 ರೂಪಾಯಿಯನ್ನು ಕಾಲೇಜಿನ ಆನ್‌ಲೈನ್ ಪುಟದಲ್ಲಿ ಯುಪಿಐ ಮೂಲಕ ಕಟ್ಟಿದೆ. ಬ್ಯಾಂಕ್ ಖಾತೆಯಿಂದ ಹಣ ಹೋಗಿದೆ, ಆದರೆ ಕಾಲೇಜಿನ ಪುಟದಲ್ಲಿ ಪೂರ್ತಿ ಬಾಕಿ ಎಂದೇ ಇದೆ. ಕಡೆಯ ದಿನಕ್ಕೆ ಇನ್ನು ನಾಲ್ಕೇ ದಿನ. ಮತ್ತೊಮ್ಮೆ ಕಟ್ಟಲೇ?
– ವಿದ್ಯಾರ್ಥಿ, ದಾವಣಗೆರೆ

ಸದ್ಯಕ್ಕೆ ಬೇಡ. ಮೊದಲು ಹಣ ಎಲ್ಲಿ ನಿಂತಿದೆ ಎಂದು ಹುಡುಕಿ. ಅದು ನಿಮ್ಮ ಬ್ಯಾಂಕಿನಿಂದ ಹೊರಟು, ಪೇಮೆಂಟ್ ಗೇಟ್‌ವೇ (ಆನ್‌ಲೈನ್ ಪಾವತಿಯನ್ನು ನಡುವೆ ನಿಂತು ದಾಟಿಸುವ ಸೇವೆ) ದಾಟಿ, ಕಾಲೇಜಿನ ಬ್ಯಾಂಕ್ ಖಾತೆ ಸೇರಿ, ಆಮೇಲೆ ಕಾಲೇಜಿನ ಲೆಡ್ಜರ್‌ನಲ್ಲಿ ನಿಮ್ಮ ಹೆಸರಿನ ಪುಟಕ್ಕೆ ಬರಬೇಕು. ಬಾಕಿ ಎಂದು ತೋರಿಸುವುದು ಈ ಕೊನೆಯ ಪುಟ. ಹಿಂದಿನ ಮೂರರಲ್ಲಿ ಎಲ್ಲಿ ಸಿಕ್ಕಿಕೊಂಡರೂ ಇಲ್ಲಿ ಬಾಕಿಯೇ ಕಾಣುತ್ತದೆ.

ಗೇಟ್‌ವೇಯಲ್ಲೇ ವಿಫಲವಾಗಿದ್ದರೆ ಹಣ ತಾನಾಗಿ ವಾಪಸು ಬರಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯ ಪ್ರಕಾರ, ಖಾತೆಯಿಂದ ಹಣ ಹೋಗಿಯೂ ಪಡೆಯುವ ಸಂಸ್ಥೆಗೆ ಖಚಿತವಾಗದ ಯುಪಿಐ ಪಾವತಿ ಐದು ದಿನದೊಳಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಿಗಬೇಕು. ಆ್ಯಪ್‌ನಲ್ಲಿ ‘ಯಶಸ್ವಿ’ ಎಂದಿದ್ದು, ಕಾಲೇಜಿನ ಹೆಸರಿಗೆ ಸಂದಾಯವಾಗಿದೆ ಎಂದಿದ್ದರೆ ಹಣ ಆ ಕಡೆ ತಲುಪಿದೆ, ಲೆಡ್ಜರ್‌ಗೆ ಏರಿಲ್ಲ ಅಷ್ಟೆ. ಬ್ಯಾಂಕಿನ ಪಟ್ಟಿಯನ್ನು ವಿದ್ಯಾರ್ಥಿಗಳ ಪಟ್ಟಿಗೆ ತಾಳೆ ಹಾಕುವ ಕೆಲಸವನ್ನು ಗುಮಾಸ್ತರು ಕೈಯಿಂದಲೇ ಮಾಡುವ ಕಾಲೇಜುಗಳಲ್ಲಿ ಕೆಲವು ದಿನ ಹಿಡಿಯುವುದುಂಟು.

ಹಾಗಾಗಿ ನಾಳೆಯೇ ಲೆಕ್ಕಪತ್ರ ಶಾಖೆಗೆ ಒಂದು ಪುಟದ ಪತ್ರ ಕೊಡಿ. ಹೆಸರು, ನೋಂದಣಿ ಸಂಖ್ಯೆ, ತರಗತಿ, ಮೊತ್ತ, ದಿನಾಂಕ, 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ಅದರಲ್ಲಿರಲಿ. ಹಣ ಹೋದ ಸಾಲು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟಿನ ಪುಟ ಲಗತ್ತಿಸಿ. ಬರಿಯ ಸ್ಕ್ರೀನ್‌ಶಾಟ್ ಸಾಲದು, ಅದನ್ನು ತಾಳೆ ಹಾಕಲು ಬರುವುದಿಲ್ಲ. ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ನಾಳೆ ದಂಡ ಶುಲ್ಕದ ಮಾತು ಬಂದರೆ, ಗಡುವಿಗೆ ಮೊದಲೇ ಹಣ ಹೋಗಿತ್ತು ಎನ್ನಲು ನಿಮ್ಮ ಕೈಯಲ್ಲಿರುವ ಪುರಾವೆ ಅದೇ. ಗಾಬರಿಯಲ್ಲಿ ಎರಡನೇ ಸಲ ಕಟ್ಟಿ, ಎರಡೂ ಜಮೆಯಾದರೆ ಹೆಚ್ಚುವರಿ 38,000 ಕಾಲೇಜಿನಲ್ಲೇ ಉಳಿದು ಮುಂದಿನ ವರ್ಷದ ಫೀಸಿಗೆ ಹೊಂದಾಣಿಕೆಯಾಗುವ ಸಾಧ್ಯತೆಯೇ ಹೆಚ್ಚು. ಅಷ್ಟು ಹಣವನ್ನು ವರ್ಷವಿಡೀ ಬಿಟ್ಟಿರಬಲ್ಲ ಮನೆಗಳು ಎಷ್ಟಿವೆ?

ಇದೇ ಬಗೆಯ ಇನ್ನೆರಡು ತಪ್ಪುಗಳನ್ನೂ ಹೇಳಿಬಿಡಬೇಕು. ಅನೇಕ ಕಾಲೇಜುಗಳು ಬಳಸುವ ಎಸ್‌ಬಿಐ ಕಲೆಕ್ಟ್‌ನಲ್ಲಿ ಮೊದಲು ಪಾವತಿಯ ವರ್ಗ ಆರಿಸಬೇಕು. ಅಲ್ಲಿ ‘ಎರಡನೇ ವರ್ಷದ ಬೋಧನಾ ಶುಲ್ಕ’ದ ಬದಲು ‘ಇತರೆ’ಯನ್ನೋ ‘ಪರೀಕ್ಷಾ ಶುಲ್ಕ’ವನ್ನೋ ಒತ್ತಿದರೆ ಹಣ ಕಾಲೇಜಿಗೆ ಸೇರಿಯೂ ನಿಮ್ಮ ಬಾಕಿ ಇಳಿಯುವುದಿಲ್ಲ. ‘ಡಿಯು’ ಎಂದು ಶುರುವಾಗುವ ರಸೀದಿ ಸಂಖ್ಯೆ ಬರೆದು, ಬಾಬತ್ತು ಬದಲಿಸಲು ಲಿಖಿತವಾಗಿ ಕೇಳಿ. ಎರಡನೆಯದು, ಊರಿನಿಂದ ಅಪ್ಪ ನೇರವಾಗಿ ನೆಫ್ಟ್ ಮಾಡುವುದು. ಷರಾ ಜಾಗದಲ್ಲಿ ವಿದ್ಯಾರ್ಥಿಯ ಹೆಸರಿಲ್ಲದಿದ್ದರೆ ಕಾಲೇಜಿಗೆ ಕಾಣುವುದು ಅಪ್ಪನ ಹೆಸರು ಮಾತ್ರ. ಯಾರ ಮಗನ ಫೀಸು ಎಂದು ತಿಳಿಯದ ಹಣ ಅನಾಮತ್ತು ಖಾತೆಯಲ್ಲಿ ಕೂರುತ್ತದೆ.

ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಖಾಸಗಿ ಕಾಲೇಜೊಂದರಲ್ಲಿ 60,000 ಶುಲ್ಕ, 3,000 ಠೇವಣಿ ಕಟ್ಟಿ ಸೇರಿದೆ. ಬೇರೆ ಕಡೆ ಸೀಟು ಸಿಕ್ಕಿತು. ‘ಒಮ್ಮೆ ಕಟ್ಟಿದ ಹಣ ಹಿಂತಿರುಗಿಸುವುದಿಲ್ಲ’ ಎಂದು ರಸೀದಿಯ ಹಿಂದೆ ಅಚ್ಚಾಗಿದೆ. ಟಿಸಿ, ಅಂಕಪಟ್ಟಿ ಅವರ ಬಳಿಯೇ ಇವೆ.
– ಓದುಗರು, ತುಮಕೂರು

ರಸೀದಿಯ ಹಿಂದಿನ ಆ ಸಾಲನ್ನು ನೋಡಿ ಕೈಚೆಲ್ಲಬೇಡಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ ವಿಶ್ವವಿದ್ಯಾಲಯಗಳಿಗೂ ಅವುಗಳಿಗೆ ಸೇರಿದ ಕಾಲೇಜುಗಳಿಗೂ ಅನ್ವಯಿಸುತ್ತದೆ. ಲೆಕ್ಕವನ್ನು ನೀವು ಸೇರಿದ ದಿನದಿಂದಲ್ಲ, ಪ್ರವೇಶಕ್ಕೆ ಅಧಿಕೃತವಾಗಿ ಪ್ರಕಟಿಸಿದ ಕಡೆಯ ದಿನದಿಂದ ಹಾಕಬೇಕು. ಆ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ ವಾಪಸು. ಅದರಲ್ಲಿ ಸಂಸ್ಕರಣೆಗೆಂದು ಶೇ 5, ಗರಿಷ್ಠ 5,000 ರೂಪಾಯಿ ಮಾತ್ರ ಹಿಡಿಯಬಹುದು. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ 90. ಕಡೆಯ ದಿನ ಕಳೆದು 15 ದಿನದೊಳಗೆ ಶೇ 80, ಅಲ್ಲಿಂದ 30 ದಿನದವರೆಗೆ ಶೇ 50. ಅದಾದ ಮೇಲೆ ಏನೂ ಇಲ್ಲ.

ಠೇವಣಿ ಈ ಲೆಕ್ಕಕ್ಕೆ ಬರುವುದೇ ಇಲ್ಲ, ಅದು ಪೂರ್ತಿ ನಿಮ್ಮದು. ಕಡೆಯ ದಿನ ಆಗಸ್ಟ್ 31 ಆಗಿದ್ದು ನೀವು ಸೆಪ್ಟೆಂಬರ್ 10ಕ್ಕೆ ಅರ್ಜಿ ಕೊಟ್ಟಿದ್ದರೆ 60,000ದ ಶೇ 80, ಅಂದರೆ 48,000, ಜೊತೆಗೆ ಠೇವಣಿಯ 3,000, ಒಟ್ಟು 51,000 ಬರಬೇಕು. ಅದೇ ಅರ್ಜಿಯನ್ನು ಸೆಪ್ಟೆಂಬರ್ 17ಕ್ಕೆ ಕೊಟ್ಟಿದ್ದರೆ 33,000ಕ್ಕೆ ಇಳಿಯುತ್ತದೆ. ಒಂದು ವಾರದ ಬೆಲೆ 18,000. ಆದ್ದರಿಂದ ಬಾಯಲ್ಲಿ ಹೇಳಿ ಬರಬೇಡಿ. ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ, ಇಮೇಲ್ ಆದರೂ ಸರಿ, ಅದೇ ದಿನ ಕಳಿಸಿ. ಪ್ರವೇಶದ ದಿನಾಂಕವನ್ನು ವಿಸ್ತರಿಸಿದ ಸುತ್ತೋಲೆಗಳು ಬಂದಿದ್ದರೆ ಅವನ್ನೂ ಇಟ್ಟುಕೊಳ್ಳಿ. ಕಡೆಯ ದಿನ ಮುಂದಕ್ಕೆ ಹೋದಷ್ಟೂ ನಿಮ್ಮ ಲೆಕ್ಕ ಸುಧಾರಿಸುತ್ತದೆ.

ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಸೂಚನೆಯನ್ನೂ ಕೊಟ್ಟಿದೆ. 2024–25ರಲ್ಲಿ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ತಿ ಶುಲ್ಕ, ಅಕ್ಟೋಬರ್ 31ರವರೆಗೆ ಬಿಟ್ಟವರಿಗೆ 1,000 ರೂಪಾಯಿ ಮೀರದಂತೆ ಹಿಡಿದು ಉಳಿದದ್ದು ಕೊಡಬೇಕೆಂದಿತ್ತು. ನೀವು ಸೇರಿದ ವರ್ಷದ ಸೂಚನೆ ಏನಿತ್ತು ಎಂದು ಯುಜಿಸಿ ಜಾಲತಾಣದಲ್ಲಿ ನೋಡಿ.

ಅರ್ಜಿ ಕೊಟ್ಟ 15 ದಿನದಲ್ಲಿ ಹಣ ಬರಬೇಕು. ಮೂಲ ದಾಖಲೆಗಳನ್ನು ಪರಿಶೀಲಿಸಿ ಆಗಲೇ ಕೊಡಬೇಕೇ ಹೊರತು ಒತ್ತೆಯಂತೆ ಇಟ್ಟುಕೊಳ್ಳುವ ಹಕ್ಕು ಯಾವ ಕಾಲೇಜಿಗೂ ಇಲ್ಲ. ಕೊಡದಿದ್ದರೆ ಮೊದಲು ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಬರೆಯಿರಿ. 2023ರ ಯುಜಿಸಿ ನಿಯಮದಂತೆ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ದೂರು ವಿಚಾರಿಸುವ ಅಧಿಕಾರಿ) ಮೇಲ್ಮನವಿ. ಜೊತೆಜೊತೆಗೆ ಯುಜಿಸಿಯ ಇ–ಸಮಾಧಾನ್ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ದೂರಿನಲ್ಲಿ ಕೋಪ ಬೇಡ, ನಾಲ್ಕು ದಿನಾಂಕ ಇದ್ದರೆ ಸಾಕು: ಸೇರಿದ ದಿನ, ಪ್ರವೇಶದ ಕಡೆಯ ದಿನ, ಅರ್ಜಿ ಕೊಟ್ಟ ದಿನ, 15 ದಿನ ಮುಗಿದ ದಿನ.

ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ನನ್ನ ವಿದ್ಯಾರ್ಥಿವೇತನ ‘ಪಾವತಿಯಾಗಿದೆ’ ಎಂದು ತೋರಿಸುತ್ತಿದೆ. ನಾನು ಕೊಟ್ಟ ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ. ಕಾಲೇಜಿನವರು ಬಾಕಿ ಕಟ್ಟಿ ಎನ್ನುತ್ತಿದ್ದಾರೆ.
– ವಿದ್ಯಾರ್ಥಿನಿ, ರಾಯಚೂರು

ಹಣ ಕಳೆದುಹೋಗಿರುವ ಸಾಧ್ಯತೆ ಕಡಿಮೆ, ಬೇರೆ ಖಾತೆಯಲ್ಲಿ ಕೂತಿರುವ ಸಾಧ್ಯತೆ ಹೆಚ್ಚು. ನೇರ ನಗದು ವರ್ಗಾವಣೆ (ಡಿಬಿಟಿ) ಹೋಗುವುದು ನೀವು ಬರೆದುಕೊಟ್ಟ ಖಾತೆ ಸಂಖ್ಯೆಗಲ್ಲ, ಆಧಾರ್‌ಗೆ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಜೋಡಣೆಯಾಗಿರುವ ಬ್ಯಾಂಕಿಗೆ. ಎಷ್ಟು ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿದ್ದರೂ ಆ ಪಟ್ಟಿಯಲ್ಲಿ ಇರುವುದು ಒಂದೇ, ಕೊನೆಯದಾಗಿ ಜೋಡಿಸಿದ್ದು. ಪಿಯುಸಿಯಲ್ಲಿದ್ದಾಗ ತೆರೆದು ಮರೆತ ಖಾತೆ, ಸಿಮ್ ಕೊಳ್ಳುವಾಗ ತೆರೆದ ಪೇಮೆಂಟ್ಸ್ ಬ್ಯಾಂಕ್ ಖಾತೆ, ಇಂಥವುಗಳಲ್ಲಿ ಹಣ ಸಿಗುವುದು ಸಾಮಾನ್ಯ.

‘ಮೈ ಆಧಾರ್’ ಜಾಲತಾಣಕ್ಕೆ ಹೋಗಿ, ಮೊಬೈಲಿಗೆ ಬಂದ ಒಟಿಪಿ ಹಾಕಿ, ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿ. ಯಾವ ಬ್ಯಾಂಕ್, ಸಕ್ರಿಯವೋ ನಿಷ್ಕ್ರಿಯವೋ ಎಂದು ಅಲ್ಲಿ ಬರುತ್ತದೆ. ಸಕ್ರಿಯ ಎಂದಿದ್ದರೆ ಆ ಬ್ಯಾಂಕಿನ ಪಾಸ್‌ಪುಸ್ತಕ ನಮೂದು ಮಾಡಿಸಿ. ನಿಷ್ಕ್ರಿಯ ಎಂದಿದ್ದರೆ ನೀವು ದಿನವೂ ಬಳಸುವ ಬ್ಯಾಂಕಿನ ಶಾಖೆಯಲ್ಲಿ ‘ಡಿಬಿಟಿಗಾಗಿ ಆಧಾರ್ ಜೋಡಣೆ’ಯ ಒಪ್ಪಿಗೆ ಅರ್ಜಿ ಕೊಡಿ. ಖಾತೆಗೆ ಆಧಾರ್ ಸಂಖ್ಯೆ ಸೇರಿಸುವುದೇ ಬೇರೆ, ಡಿಬಿಟಿಗೆ ಜೋಡಿಸುವುದೇ ಬೇರೆ. ಕೌಂಟರ್‌ನಲ್ಲಿ ಇದನ್ನು ಬಿಡಿಸಿ ಹೇಳದಿದ್ದರೆ ಮೊದಲನೆಯದನ್ನಷ್ಟೇ ಮಾಡಿ ಕಳಿಸಿಬಿಡಬಹುದು.

ಮಂಜೂರಾತಿಯೇ ನಿಂತಿದ್ದರೆ ಕಾರಣ ಬೇರೆ ಇರುತ್ತದೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ತಾಳೆಯಾಗದಿರುವುದು, ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿರುವುದು, ಪದವಿಯಲ್ಲಿದ್ದಾಗಿನ ಎಸ್‌ಎಸ್‌ಪಿ ಐಡಿ ಬಿಟ್ಟು ಎಲ್‌ಎಲ್‌ಬಿಗೆ ಹೊಸದೊಂದು ತೆರೆದಿರುವುದು, ಕಾಲೇಜಿನಲ್ಲಿ ದಾಖಲೆಗಳ ಇ–ದೃಢೀಕರಣವೇ ಆಗದಿರುವುದು. ಹಳೆಯ ಐಡಿಯಲ್ಲೇ ಮುಂದುವರಿಯಿರಿ.

ಇನ್ನು ಕಾಲೇಜಿನ ಬಾಕಿ. ವಿದ್ಯಾರ್ಥಿವೇತನದಲ್ಲಿ ಶುಲ್ಕದ ಪಾಲು ನಿಮ್ಮ ಖಾತೆಗೇ ಬಂದಿದ್ದರೆ ಅದನ್ನು ಕಾಲೇಜಿಗೆ ಕಟ್ಟಬೇಕಾದವರು ನೀವೇ. ನಿರ್ವಹಣಾ ಭತ್ಯೆ ಮಾತ್ರ ನಿಮ್ಮ ಖರ್ಚಿಗೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ಕೇಂದ್ರ ಯೋಜನೆಯಲ್ಲಿ (ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ಮೀರಿರಬಾರದು) ಶುಲ್ಕ ಮುಂಗಡ ಕಟ್ಟದೆಯೇ ಸೇರಲು ಫ್ರೀಶಿಪ್ ಕಾರ್ಡಿನ ಅವಕಾಶವಿದೆ. ಕಾಲೇಜು ನಿಮ್ಮ ಲೆಡ್ಜರ್‌ನಲ್ಲಿ ‘ವಿದ್ಯಾರ್ಥಿವೇತನ ನಿರೀಕ್ಷಿತ’ ಎಂದು ಗುರುತು ಹಾಕಿದೆಯೇ ಎಂದು ಕೇಳಿ. ಹಾಕದಿದ್ದರೆ ಅರ್ಜಿಯ ಪ್ರತಿ ಕೊಟ್ಟು ಹಾಕಿಸಿ. ಆ ಒಂದು ಗುರುತಿಲ್ಲದೆ ಪ್ರವೇಶಪತ್ರ ಕೊಡುವ ಹೊತ್ತಿನಲ್ಲಿ ಮಕ್ಕಳನ್ನು ಬಾಕಿದಾರರ ಸಾಲಿನಲ್ಲಿ ನಿಲ್ಲಿಸುವುದು ತಪ್ಪು. ಕಾಲೇಜುಗಳು ಇದನ್ನು ತಾವಾಗಿಯೇ ಮಾಡಬೇಕು.

ಮಗನಿಗೆ ಕಾನೂನು ಪ್ರವೇಶ ಪರೀಕ್ಷೆ ಕ್ಲ್ಯಾಟ್ ಮೂಲಕ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸೀಟು ಸಿಗುವ ಸೂಚನೆ ಇದೆ. ಕೌನ್ಸೆಲಿಂಗ್‌ಗೆ ಕಟ್ಟಿದ ಹಣ ಫೀಸಿಗೆ ಸೇರುತ್ತದೆಯೇ? ಬ್ಯಾಂಕ್ ಸಾಲ ಬರುವ ಮೊದಲೇ ಗಡುವು ಬಂದರೆ ಏನು ಮಾಡಬೇಕು?
– ತಂದೆ, ಶಿವಮೊಗ್ಗ

ಸೇರುತ್ತದೆ. 2025ರ ಪ್ರವೇಶ ಸುತ್ತಿನಲ್ಲಿ ಕೌನ್ಸೆಲಿಂಗ್ ನೋಂದಣಿಗೆ 30,000 (ಮೀಸಲು ವರ್ಗಗಳಿಗೆ 20,000), ಸೀಟು ಒಪ್ಪಿಕೊಳ್ಳುವಾಗ ದೃಢೀಕರಣ ಶುಲ್ಕವೆಂದು 20,000 ಇತ್ತು. ಎರಡೂ ಒಟ್ಟು ಶುಲ್ಕದಲ್ಲಿ ವಜಾ ಆಗುವಂಥವು. ವಿಶ್ವವಿದ್ಯಾಲಯ ಕಳಿಸುವ ಮೊದಲ ಬೇಡಿಕೆ ಪತ್ರದಲ್ಲಿ ಈ 50,000 ಕಳೆದಿದೆಯೇ ಎಂದು ನೋಡಿ. ಕಳೆಯದ ಮೊತ್ತಕ್ಕೇ ಬ್ಯಾಂಕ್ ಹಣ ಬಿಡುಗಡೆ ಮಾಡಿದರೆ ಅಷ್ಟಕ್ಕೂ ಬಡ್ಡಿ ಓಡುತ್ತದೆ. ನೀವು ಕೈಯಿಂದ ಕಟ್ಟಿದ್ದನ್ನು ಸಾಲದಿಂದ ವಾಪಸು ಪಡೆಯುವುದಾದರೆ ರಸೀದಿಗಳನ್ನು ಮೊದಲೇ ಬ್ಯಾಂಕಿಗೆ ಕೊಡಿ.

ಸಾಲಕ್ಕೆ ಸೀಟು ಖಚಿತವಾಗುವ ತನಕ ಕಾಯಬೇಡಿ. ಆದಾಯದ ದಾಖಲೆ, ಪ್ಯಾನ್, ಅಂಕಪಟ್ಟಿಗಳನ್ನು ಶಾಖೆಗೆ ಮುಂಚೆಯೇ ತೋರಿಸಿಟ್ಟು, ಹಂಚಿಕೆ ಪತ್ರ ಬಂದ ದಿನ ಅದೊಂದನ್ನು ಸೇರಿಸಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಎನ್‌ಐಆರ್‌ಎಫ್ (ಶಿಕ್ಷಣ ಸಂಸ್ಥೆಗಳಿಗೆ ಕೇಂದ್ರ ಕೊಡುವ) ಶ್ರೇಯಾಂಕದ ಆಧಾರದ ಮೇಲೆ ಆರಿಸಿದ ಸಂಸ್ಥೆಗಳಿಗೆ ಜಾಮೀನು, ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಮೊದಲ ಪಟ್ಟಿಯಲ್ಲಿ 860 ಸಂಸ್ಥೆಗಳಿದ್ದವು. ಕುಟುಂಬದ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ನೆರವು ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವ ತನಕ ಶೇ 3ರ ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2018ರಿಂದ ಕಾನೂನು ವಿಭಾಗದ ಶ್ರೇಯಾಂಕದಲ್ಲಿ ಮೊದಲ ಸ್ಥಾನದಲ್ಲಿದೆ. ಬೇರೆ ಕಡೆ ಸೀಟು ಸಿಕ್ಕರೆ ಆ ಸಂಸ್ಥೆ ಪಟ್ಟಿಯಲ್ಲಿದೆಯೇ ಎಂದು ಪೋರ್ಟಲ್‌ನಲ್ಲಿ ಹುಡುಕಿ ನೋಡಿ.

ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಾದರೆ 4 ಲಕ್ಷದವರೆಗೆ ನಿಮ್ಮ ಪಾಲು ಹಾಕಬೇಕಿಲ್ಲ, ಅದಕ್ಕೆ ಮೇಲ್ಪಟ್ಟರೆ ದೇಶದೊಳಗಿನ ಓದಿಗೆ ಶೇ 5. ಇದನ್ನು ಒಂದೇ ಸಲ ಹಾಕಬೇಕೆಂದಿಲ್ಲ, ವರ್ಷವರ್ಷದ ಬಿಡುಗಡೆಗೆ ತಕ್ಕಂತೆ ಹಾಕಿದರೆ ಸಾಕು. ಗಡುವು ಮುಂಚೆ ಬಂದರೆ ಸಾಲ ಮಂಜೂರಾತಿ ಪತ್ರವನ್ನು ಹಣಕಾಸು ವಿಭಾಗಕ್ಕೆ ಕಳಿಸಿ ಲಿಖಿತವಾಗಿ ಕಾಲಾವಕಾಶ ಕೇಳಿ. ಬಾಯಿಮಾತಿನ ‘ಆಗಲಿ’ ದಂಡದಿಂದ ಉಳಿಸುವುದಿಲ್ಲ.

ಫೀಸಿನ ಮೇಲೆ ತೆರಿಗೆ ವಿನಾಯಿತಿ ಎಷ್ಟು?
– ಶಿಕ್ಷಕರು, ಕಲಬುರಗಿ

ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಮಾತ್ರ ಉಂಟು. 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಅಡಿ ಇಬ್ಬರು ಮಕ್ಕಳವರೆಗೆ, ಭಾರತದಲ್ಲಿನ ಪೂರ್ಣಾವಧಿ ಕೋರ್ಸಿನ ಬೋಧನಾ ಶುಲ್ಕ, ಉಳಿದ ಹೂಡಿಕೆಗಳೂ ಸೇರಿ ಒಟ್ಟು 1.5 ಲಕ್ಷದ ಮಿತಿಯಲ್ಲಿ. ಅಭಿವೃದ್ಧಿ ಶುಲ್ಕ, ದೇಣಿಗೆ, ಹಾಸ್ಟೆಲ್ ಬರುವುದಿಲ್ಲ. ಅದಕ್ಕೇ ಬಾಬತ್ತುಗಳನ್ನು ಬಿಡಿಬಿಡಿಯಾಗಿ ತೋರಿಸಿದ ರಸೀದಿ ಕೇಳಿ. ಶಿಕ್ಷಣ ಸಾಲದ ಬಡ್ಡಿಗೆ 80ಇ ಅಡಿ ಮೊತ್ತದ ಮಿತಿಯಿಲ್ಲ. ಬಡ್ಡಿ ಕಟ್ಟಲು ಶುರುಮಾಡಿದ ವರ್ಷದಿಂದ ಎಂಟು ವರ್ಷ ಸಿಗುತ್ತದೆ, ಅಸಲಿಗೆ ಇಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ, ಅದರಲ್ಲಿ ಕಲಂ ಸಂಖ್ಯೆಗಳು ಬೇರೆ.

ಮಗಳು ಅಮೆರಿಕದಲ್ಲಿ ಎಲ್‌ಎಲ್‌ಎಂಗೆ ಸೇರಿದ್ದಾಳೆ. ಕೇಳಿದಷ್ಟೂ ಕಳಿಸಿದೆವು. ಆದರೂ ಅವಳ ಖಾತೆಯಲ್ಲಿ ಬಾಕಿ ಇದೆಯೆಂದು ಮುಂದಿನ ಸೆಮಿಸ್ಟರಿನ ವಿಷಯ ಆಯ್ಕೆಯನ್ನು ತಡೆದಿದ್ದಾರೆ.
– ಓದುಗರು, ಧಾರವಾಡ

ಅಲ್ಲಿ ಬಿಲ್ ಎನ್ನುವುದು ಒಂದು ಸಲ ಬಂದು ಮುಗಿಯುವ ಕಾಗದವಲ್ಲ. ವಿದ್ಯಾರ್ಥಿಯ ಖಾತೆ ಎಂಬುದು ಓಡುವ ಲೆಕ್ಕ, ದಿನವೂ ಖರ್ಚು ಏರಬಹುದು, ಜಮೆ ಇಳಿಯಬಹುದು. ಮಗಳಿಗೆ ಆನ್‌ಲೈನ್ ಖಾತೆ ತೆರೆದು ಸಾಲುಸಾಲಾಗಿ ಓದಲು ಹೇಳಿ. ಮೊದಲ ಶಂಕೆ ಆರೋಗ್ಯ ವಿಮೆಯ ಮೇಲೆ. ಅನೇಕ ವಿಶ್ವವಿದ್ಯಾಲಯಗಳು ಅದನ್ನು ತಾವಾಗಿ ಬಿಲ್ಲಿಗೆ ಸೇರಿಸುತ್ತವೆ. ಬೇರೆ ಒಪ್ಪಿತ ವಿಮೆ ಇದ್ದವರು ಗಡುವಿನೊಳಗೆ ವಿನಾಯಿತಿ ಅರ್ಜಿ ಹಾಕದಿದ್ದರೆ ಅದು ಬಾಕಿಯಾಗಿ ನಿಲ್ಲುತ್ತದೆ. ಎರಡನೆಯದು, ದಾರಿಯಲ್ಲಿನ ಮಧ್ಯವರ್ತಿ ಬ್ಯಾಂಕ್ ಹಿಡಿದುಕೊಂಡ ಶುಲ್ಕ. ನೀವು ಕಳಿಸಿದ ಡಾಲರ್‌ನಲ್ಲಿ ಹತ್ತಿಪ್ಪತ್ತು ಕಡಿಮೆ ತಲುಪಿದರೂ ಆ ಸಣ್ಣ ಕೊರತೆ ಸಾಕು, ಗಣಕ ತಡೆ ಹಾಕುತ್ತದೆ. ಮುಂದಿನ ಸಲ ಕಳಿಸುವಾಗ ಎಲ್ಲ ವೆಚ್ಚವೂ ಕಳಿಸುವವರದ್ದೇ ಎಂಬ ‘ಅವರ್’ (OUR) ಆಯ್ಕೆ ಗುರುತು ಮಾಡಿ, ವಿದ್ಯಾರ್ಥಿ ಸಂಖ್ಯೆಯನ್ನು ಷರಾದಲ್ಲಿ ಬರೆಯಿಸಿ. ಬಾಕಿ ತೀರಿದ ಮೇಲೂ ತಡೆ ಉಳಿದರೆ ಶುಲ್ಕ ಕಚೇರಿಗೆ ಇಮೇಲ್ ಮಾಡಿ ತೆಗೆಸಬೇಕು.

ಇಲ್ಲಿನ ಲೆಕ್ಕಕ್ಕೆ ಬಂದರೆ, ಹೊರದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಅರ್ಜಿಯಲ್ಲಿ ಉದ್ದೇಶ ಸಂಕೇತ ಎಸ್0305, ಅಂದರೆ ಹೊರದೇಶದ ಶಿಕ್ಷಣ, ಎಂದೇ ಇರಲಿ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ) ಇಲ್ಲ. 2025–26ರಲ್ಲಿ ಅದಕ್ಕೆ ಮೇಲ್ಪಟ್ಟ ಸ್ವಂತ ಹಣಕ್ಕೆ ಶೇ 5. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಟಿಸಿಎಸ್ಸೇ ಇಲ್ಲ. ಸಂಕೇತ ತಪ್ಪಾಗಿ ಕುಟುಂಬ ನಿರ್ವಹಣೆ ಎಂದು ಬಿದ್ದರೆ ಮಿತಿ ಮೀರಿದ ಮೊತ್ತಕ್ಕೆ ಶೇ 20 ಹಿಡಿಯುತ್ತಾರೆ. ಹಿಡಿದದ್ದು ಕಳಿಸಿದವರ ಪ್ಯಾನ್‌ನಲ್ಲಿ ಜಮೆಯಾಗಿರುತ್ತದೆ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಕೊನೆಯ ಸೆಮಿಸ್ಟರ್ ಮುಗಿಯಿತು. ಕಾಲೇಜಿನಿಂದ ಬರಬೇಕಾದದ್ದು, ವಕೀಲಿಗೆ ನೋಂದಾಯಿಸಲು ಕಟ್ಟಬೇಕಾದದ್ದು ಏನೇನು?
– ವಿದ್ಯಾರ್ಥಿ, ಹಾಸನ

ಟಿಸಿ ಪಡೆಯುವ ಮೊದಲು ಲೆಡ್ಜರ್ ಪ್ರತಿ ಕೇಳಿ. ಗ್ರಂಥಾಲಯ, ಹಾಸ್ಟೆಲ್, ಕಚೇರಿ ಮೂರರ ‘ಬಾಕಿ ಇಲ್ಲ’ ಸಹಿ ಆದ ದಿನವೇ ಠೇವಣಿಗೆ ಅರ್ಜಿ ಹಾಕಿ, ಮೊದಲ ವರ್ಷದ ರಸೀದಿಯ ಪ್ರತಿ ಲಗತ್ತಿಸಿ, ರದ್ದುಮಾಡಿದ ಚೆಕ್ ಕೊಡಿ. ಎರಡು ಸಲ ಕಟ್ಟಿದ್ದು, ತಡವಾಗಿ ಬಂದ ವಿದ್ಯಾರ್ಥಿವೇತನ ಹೊಂದಿಸಿ ಉಳಿದದ್ದು ಏನಿದ್ದರೂ ಅದೇ ಅರ್ಜಿಯಲ್ಲಿ ಬರೆಯಿರಿ. ಕಾಲೇಜು ಬಿಟ್ಟ ಮೇಲೆ ಕೆಲವು ಸಾವಿರಕ್ಕಾಗಿ ಓಡಾಡುವವರು ಕಡಿಮೆ ಎಂದು ಗೊತ್ತಿರುವುದರಿಂದಲೇ ಎಷ್ಟೋ ಠೇವಣಿಗಳು ಹಾಗೇ ಉಳಿಯುತ್ತವೆ.

ನೋಂದಣಿಗೆ ವಕೀಲರ ಕಾಯ್ದೆಯ 24ನೇ ಕಲಂ ಹೇಳುವುದು 750 ರೂಪಾಯಿ. ಅದರಲ್ಲಿ 600 ರಾಜ್ಯ ಪರಿಷತ್ತಿಗೆ, 150 ಭಾರತೀಯ ವಕೀಲರ ಪರಿಷತ್ತಿಗೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಒಟ್ಟು 125. ಇದಕ್ಕೆ ಮೇಲ್ಪಟ್ಟು ನೋಂದಣಿ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿತು. ‘ಐಚ್ಛಿಕ’ ಎಂಬ ಹೆಸರಿನ ಶುಲ್ಕವೂ ಸಲ್ಲದು ಎಂದು 2025ರ ಆಗಸ್ಟ್‌ನಲ್ಲಿ, ಕರ್ನಾಟಕದ ಪರಿಷತ್ತಿಗೇ ಸಂಬಂಧಿಸಿದ ಪ್ರಕರಣದಲ್ಲಿ ಮತ್ತೆ ಹೇಳಿತು. ಅರ್ಜಿಯ ಜೊತೆ ಬೇರೆ ಮೊತ್ತ ಕೇಳಿದರೆ ಯಾವ ಬಾಬತ್ತಿಗೆ ಎಂದು ರಸೀದಿಯಲ್ಲಿ ಬರೆದುಕೊಡಲು ಹೇಳಿ.